ಹರಕೆಗೆ ಅಡವಿಟ್ಟ ಕಾಲು

ನಗಬೇಡಿ ಅಂತ ಮೊದಲೇ ಹೇಳಿಬಿಡ್ತೀನಿ. ಇದನ್ನ ಹೇಳೋವಾಗೆಲ್ಲ ನನಗೆ ಮೈ ಉರಿಯುತ್ತೆ, ಕೇಳೋರು ಮಾತ್ರ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಏಜೆನ್ಸಿ ನರ್ಸ್ ಆಗಿ ಮನೆಮನೆ ತಿರುಗೋಳ ಹಣೇಬರಹಾನೇ ಇಷ್ಟು. ಆಸ್ಪತ್ರೇಲಿ ಕಾಯಿಲೆ ಒಂದನ್ನ ನೋಡ್ಕೊಂಡ್ರೆ ಸಾಕು. ಮನೇಲಿ ಹಾಗಲ್ಲ. ಕಾಯಿಲೆ ಅದರ ಪಾಡಿಗೆ ಮೂಲೇಲಿ ಮಲಗಿರುತ್ತೆ, ಸುತ್ತ ಇರೋ ಆರೋಗ್ಯವಂತರನ್ನ ಸಂಭಾಳಿಸೋದ್ರಲ್ಲೇ ನಮ್ಮ ಜೀವ ಹೋಗುತ್ತೆ.

ಒಂದು ಮನೇಲಿ ಡ್ರಿಪ್ ಸ್ಟ್ಯಾಂಡಿಗೆ ಸೊಪ್ಪಿನ ಚೀಲ ನೇತುಹಾಕಿದ್ರು. ಇನ್ನೊಂದು ಮನೇಲಿ ನನ್ನ ಬಿಳಿ ಕೋಟು ಬಿಚ್ಚೋಕೆ ಬಿಡಲಿಲ್ಲ. ನರ್ಸ್ ಇಟ್ಟಿದ್ದೀವಿ ಅಂತ ಎದುರುಮನೆಯವರಿಗೆ ಕಾಣಬೇಕಂತೆ, ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದ್ರು. ಪೇಶೆಂಟು ಒಳಗೆ, ನಾನು ಹೊರಗೆ. ಅದನ್ನೆಲ್ಲ ನುಂಗ್ಕೊಂಡೆ. ಹೊಸೂರು ಕಡೆ ಬೇರಿಕೆ ಅನ್ನೋ ಊರಿನ ಹತ್ತಿರದ ಆ ಮನೇದು ಮಾತ್ರ ಇವತ್ತಿಗೂ ಜೀರ್ಣ ಆಗಿಲ್ಲ.

ಸಿಂಪಲ್ ಕೇಸು

"ಸಿಂಪಲ್ ಕೇಸ್ ಸಿಸ್ಟರ್," ಅಂದ್ರು ನಮ್ಮ ಏಜೆನ್ಸಿ ಮೇಡಮ್ಮು ಫೋನಲ್ಲಿ. ಅವರು ಹೊಸೂರಿನ ಆಫೀಸಲ್ಲಿ ಫ್ಯಾನ್ ಕೆಳಗೆ ಕೂತಿರ್ತಾರೆ, ಅಲ್ಲಿಂದ ನೋಡಿದ್ರೆ ಪ್ರಪಂಚದ ಕೇಸೆಲ್ಲ ಸಿಂಪಲ್ಲೇ. "ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ರು, ತೊಡೆ ಮೂಳೆಗೆ ರಾಡ್ ಹಾಕಿದ್ದಾರೆ. ಆಪರೇಷನ್ ಚೆನ್ನಾಗಿ ಆಗಿದೆ. ನೀವು ವಾಕರ್ ಹಿಡಿಸಿ ನಡೆಸೋದು ಅಷ್ಟೇ. ಬೆಳಿಗ್ಗೆ ಬಸ್ಸಿಗೆ ಹೋಗಿ, ಸಾಯಂಕಾಲದ ಬಸ್ಸಿಗೆ ಬಂದುಬಿಡಿ."

ಹೊರಡೋ ಮುಂಚೆ ಆಪರೇಷನ್ ಮಾಡಿದ ಡಾಕ್ಟರಿಗೂ ಫೋನ್ ಮಾಡಿ ಕೇಳಿದೆ. "ಮೂಳೆ ಚೆನ್ನಾಗಿ ಕೂತಿದೆ ಸಿಸ್ಟರ್, ಆದರೆ ಆ ಮನೆಯವರು ಯಾಕೋ ನಡೆಸ್ತಾನೇ ಇಲ್ಲ. ಇನ್ನೂ ಹೀಗೇ ಮಲಗಿಸಿದ್ರೆ ಕಾಲು ಬಿಗಿದುಹೋಗುತ್ತೆ, ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ಆಮೇಲೆ ಅಜ್ಜಿ ಏಳೋ ಮಾತೇ ಇಲ್ಲ, ಹಾಸಿಗೇನೇ ಗತಿ," ಅಂದ್ರು. ಸರಿ, ಸೋಮಾರಿ ಜನ ಇರಬೇಕು ಅಂದ್ಕೊಂಡು ಬಾಗಲೂರು ದಾಟಿ ಆ ಊರಲ್ಲಿ ಇಳಿದೆ.

ಮನೇಲಿ ಮೂರೇ ಜನ. ಅಜ್ಜಿ, ಅಜ್ಜಿಯ ಮಗ, ಸೊಸೆ. ಮಗರಾಯರು ಹೊಸೂರಿನ ಒಂದು ಕಾರ್ಖಾನೇಲಿ ಸೂಪರ್‌ವೈಸರು, ಅವತ್ತು ನಾನು ಬರ್ತೀನಿ ಅಂತ ರಜ ಹಾಕಿದ್ರು. ಅಜ್ಜಿ ಹಾಲಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಎಲೆಅಡಿಕೆ ಹಾಕ್ತಿತ್ತು. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಮನೆಮಾತು ಕನ್ನಡ, ಅಂಗಡಿ ವ್ಯವಹಾರ ತಮಿಳು, ಬೈಯೋದು ಮಾತ್ರ ತೆಲುಗು.

"ಬನ್ನಿ ಅಜ್ಜಿ, ಮಂಚದ ಅಂಚಿಗೆ ಬನ್ನಿ. ಎದ್ದು ನಿಂತು ನೋಡೋಣ," ಅಂತ ಕಾಲು ಹಿಡಿದು ಕೆಳಗೆ ಬಿಡೋಕೆ ಹೋದೆ.

"ಅಯ್ಯಯ್ಯೋ ಸಿಸ್ಟರ್!" ಅಂತ ಮಗರಾಯರು ಹಾರಿ ಬಂದು ತಾಯಿಯ ಎರಡು ಪಾದಾನೂ ಕೈಯಲ್ಲಿ ಹಿಡ್ಕೊಂಡುಬಿಟ್ರು. "ಏನ್ ಮಾಡ್ತಿದ್ದೀರ? ಕಾಲು ನೆಲಕ್ಕೆ ಇಡಿಸ್ತೀರಲ್ಲ!"

"ನಡೆಯೋಕೆ ಕಾಲನ್ನ ನೆಲಕ್ಕೆ ಇಡದೆ ಇನ್ನೆಲ್ಲಿಗೆ ಇಡೋದು ಸ್ವಾಮಿ?"

"ನೆಲಕ್ಕೆ ಇಕ್ಕಂಗಿಲ್ಲ," ಅಂತ ನನ್ನ ಅಂಗಳಕ್ಕೆ ಕರ್ಕೊಂಡು ಹೋಗಿ ದನಿ ತಗ್ಗಿಸಿದ್ರು. "ನಾನು ಹರಕೆ ಹೊತ್ತಿದ್ದೀನಿ. ಆಪ್ರೇಷನ್ ನಡೀವಾಗ ನಮ್ಮೂರ ಮಾರಮ್ಮಂಗೆ ಹೇಳ್ಕೊಂಡೆ. ತಾಯಿ, ನಮ್ಮವ್ವ ಉಳ್ಕೊಂಡ್ರೆ ಎರಡು ಕೈಯಾಗೆ ಎತ್ಕೊಂಡು ಬಂದು ನಿನ್ ಗುಡಿ ಮುಂದೆ ಇಳಿಸ್ತೀನಿ, ಅಲ್ಲೀಗಂಟ ಅವಳ ಕಾಲು ನೆಲಕ್ಕೆ ತಗಲಿಸಲ್ಲ ಅಂತ."

ನಾನು, "ಒಳ್ಳೇದಾಯ್ತು, ಇವತ್ತೇ ಎತ್ಕೊಂಡು ಹೋಗಿ ಇಳಿಸಿ. ಗುಡಿ ಎಷ್ಟು ದೂರ?" ಅಂದೆ.

"ಇಲ್ಲೇ, ಬೀದಿ ಕೊನೇಗೆ."

"ಮತ್ತೇನು ತಡ?"

"ಗುಡಿ ಕೆಡವಿ ಕಟ್ತಾವ್ರೆ. ದೇವೀನ ಪಕ್ಕದ ತಗಡಿನ ಶೆಡ್ಡಾಗೆ ಇಕ್ಕವ್ರೆ. ಗುಡಿ ಮುಗ್ದು ಕುಂಭಾಭಿಷೇಕ ಆಗೋಗಂಟ ಹರಕೆ ತೀರ್ಸಂಗಿಲ್ಲ."

"ಯಾವಾಗ ಮುಗಿಯುತ್ತೆ?"

"ಮೇಸ್ತ್ರಿ ಬರಬೇಕು. ಅವ್ನು ಜೂಜುವಾಡೀಲಿ ಅಂಗಡಿ ಸಾಲು ಕಟ್ಟೋ ಕೆಲ್ಸ ಹಿಡಿದ್ಬುಟ್ಟವ್ನೆ."

ಮೂಳೆ ಕೂರಿಸೋಕೆ ಒಬ್ಬ ಡಾಕ್ಟರು, ಅರಿವಳಿಕೆ ಕೊಡೋಕೆ ಇನ್ನೊಬ್ಬರು, ನಡೆಸೋಕೆ ನಾನು. ಇಷ್ಟು ಜನ ಓದಿದ್ದು ಮಣ್ಣುಪಾಲು. ಅಜ್ಜಿ ಏಳೋದು ಬಿಡೋದು ಒಬ್ಬ ಗಾರೆ ಮೇಸ್ತ್ರಿ ಕೈಲಿತ್ತು.

ನೆಲ ಅಂದ್ರೆ ಯಾವುದು?

ಮಾರನೇ ದಿನ ನಾನೂ ಬಿಡಲಿಲ್ಲ. ಮಗರಾಯರು ಬೆಳಿಗ್ಗೆ ಅಜ್ಜೀನ ಎತ್ಕೊಂಡು ಬಚ್ಚಲಿಗೆ ಹೋಗಿ, ಕುರ್ಚಿ ಮೇಲೆ ಕೂರಿಸಿ, ಕಾಲ ಕೆಳಗೆ ಒಂದು ಮಣೆ ಇಡ್ತಿದ್ದದ್ದನ್ನ ಕಂಡೆ. ಅವರು ಹೊರಗೆ ಬಂದ ಕೂಡಲೇ ಹಿಡ್ಕೊಂಡೆ.

"ಮಣೆ ಮೇಲೆ ಕಾಲಿಟ್ಟರೆ ಹರಕೆ ಕೆಡಲ್ವಾ?"

"ಮಣೆ ನೆಲ ಅಲ್ವಲ್ಲ."

"ಹಂಗಾದ್ರೆ ಜಮಖಾನ ಹಾಸಿ ಅದರ ಮೇಲೆ ನಡೆಸ್ತೀನಿ. ಜಮಖಾನಾನೂ ನೆಲ ಅಲ್ಲ."

ಮಗರಾಯರು ತಲೆ ಕೆರ್ಕೊಂಡ್ರು. "ಜಮಖಾನ ನೆಲಕ್ಕೆ ಅಂಟ್ಕೊಂಡಿರ್ತದೆ ಸಿಸ್ಟರ್. ಮಣೆಗೆ ಕಾಲೈತೆ. ಪೂಜಾರಪ್ಪನ್ನ ಕೇಳ್ಬೇಕು."

ಪೂಜಾರಪ್ಪ ಬಂದ. ನೆಲ ಮುಟ್ಟಿ ನೋಡಿದ, ಜಮಖಾನ ಹಿಸುಕಿ ನೋಡಿದ. "ಮಣ್ಣಿನ ನೆಲ ಆಗಿದ್ರೆ ಈಗ್ಲೇ ಹೇಳ್ಬುಡ್ತಿದ್ದೆ. ಟೈಲ್ಸ್ ವಿಚಾರ ನಮ್ಮ ಹಿರೀಕರು ಹೇಳಿಲ್ಲ. ದೇವಿ ಹತ್ರ ಹೂ ಕೇಳಾಣ," ಅಂದ. ಹೂ ಕೇಳೋದು ಅಂದ್ರೆ ದೇವಿಯ ತಲೆ ಮೇಲೆ ಹೂವಿಟ್ಟು ಕಾಯೋದು. ಬಲಗಡೆ ಬಿದ್ರೆ ಜಮಖಾನ ನೆಲ ಅಲ್ಲ, ಎಡಗಡೆ ಬಿದ್ರೆ ನೆಲ.

ನಾನೂ ಹೋದೆ. ನಾನೇನು ದೇವರನ್ನ ನಂಬದೋಳಲ್ಲ, ಮಾಲೂರು ಕಡೆ ನಮ್ಮೂರಲ್ಲೂ ಮಾರಮ್ಮ ಇದ್ದಾಳೆ. ಕೈಮುಗಿದು, ತಾಯಿ, ಬಲಗಡೆ ಬೀಳಿಸು, ಒಂದು ಮುದುಕಿ ಕಾಲಿನ ಪ್ರಶ್ನೆ ಅಂತ ಬೇಡ್ಕೊಂಡೆ. ಶೆಡ್ಡಲ್ಲಿ ಸೆಖೆ ಅಂತ ದೇವಿಗೆ ಯಾರೋ ಭಕ್ತರು ಟೇಬಲ್ ಫ್ಯಾನ್ ಕೊಟ್ಟಿದ್ರು, ಅದು ಆ ಕಡೆ ಈ ಕಡೆ ತಿರುಗ್ತಾ ಗಾಳಿ ಬೀಸ್ತಿತ್ತು. ಪೂಜಾರಪ್ಪ ಹೂವಿಟ್ಟ. ಫ್ಯಾನು ತಿರುಗಿತು. ಹೂವು ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ, ನೆಟ್ಟಗೆ ಹಾರಿ ಬಂದು ಪೂಜಾರಪ್ಪನ ಮೂಗಿಗೆ ಬಡೀತು.

"ಫ್ಯಾನ್ ಆರಿಸಿ ಇನ್ನೊಂದ್ಸಲ ಇಡಿ," ಅಂದೆ ನಾನು.

"ಒಂದ್ಸಲ ಹೇಳಿದ್ನ ದೇವಿ ಎರಡು ಸಲ ಹೇಳಲ್ಲ," ಅಂದ ಪೂಜಾರಪ್ಪ.

"ಏನು ಹೇಳಿದ್ಳು ಮತ್ತೆ?"

"ಪೂಜಾರೀನ ಕೇಳು ಅಂತವಳೆ."

"ಸರಿ, ನಿಮ್ಮನ್ನೇ ಕೇಳ್ತಿದ್ದೀನಿ. ಜಮಖಾನ ನೆಲಾನಾ, ಅಲ್ವಾ?"

ಪೂಜಾರಪ್ಪ ಮೂಗು ಒರೆಸ್ಕೊಂಡು ಗಂಭೀರವಾಗಿ ಅಂದ: "ಕುಂಭಾಭಿಷೇಕ ಆದ್ಮೇಲೆ ಹೇಳ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ಹೋಟ್ಲಲ್ಲ ಇದು

ಆ ವಾರ ಮೇಡಮ್ಮಿನ ಫೋನ್ ಬಂತು. "ಸಿಸ್ಟರ್, ಕಸ್ಟಮರ್ ಕಂಪ್ಲೇಂಟ್ ಮಾಡಿದ್ದಾರೆ."

"ಏನಂತೆ?"

"ನೀವು ಬಂದಾಗಿಂದ ಬರೀ ಏಳಿ, ಏಳಿ ಅಂತೀರಂತೆ. ಪೇಶೆಂಟಿಗೆ ರೆಸ್ಟ್ ಕೊಡಲ್ವಂತೆ. ಸ್ವಲ್ಪ ಮಲಗಿಸೋ ಸಿಸ್ಟರ್ ಇದ್ರೆ ಕಳಿಸಿ ಅಂತಿದ್ದಾರೆ."

"ಮೇಡಂ, ನನ್ನ ಕಳಿಸಿದ್ದೇ ನಡೆಸೋಕೆ ಅಂತ. ಇವರು ಹರಕೆ ಅಂತ ಕಾಲು ನೆಲಕ್ಕಿಡೋಕೆ ಬಿಡಲ್ಲ."

"ಕಸ್ಟಮರ್ ಏನು ಕೇಳ್ತಾರೋ ಅದು ಕೊಡಬೇಕು ಸಿಸ್ಟರ್."

"ಇದೇನು ಹೋಟ್ಲಾ ಮೇಡಂ, ಒಬ್ಬರಿಗೆ ಇಡ್ಲಿ, ಒಬ್ಬರಿಗೆ ದೋಸೆ ಅಂತ ಕೊಡೋಕೆ?" ಅಂತ ಫೋನ್ ಇಟ್ಟೆ. ಕೋಪ ಒಂದು ಕಡೆ. ಅಳು ಬೇರೆ. ಕೆಲಸ ಮಾಡದೋಳ ಮೇಲೆ ದೂರು ಬಂದ್ರೆ ನ್ಯಾಯ, ಮಾಡ್ತೀನಿ ಅಂದೋಳ ಮೇಲೆ ಬಂದ್ರೆ ಏನು ಹೇಳೋದು?

ಅಜ್ಜಿ ಎಲ್ಲಾನೂ ಕೇಳಿಸ್ಕೊಂಡಿತ್ತು. "ಯಾಕಮ್ಮಯ್ಯ, ಏನು ಹರಕೆ? ನನ್ಗೊಸಿ ಬಿಡಿಸಿ ಹೇಳು. ಕಾಲು ವಾಸಿ ಆಗಿಲ್ಲ ಅಂತ ಮಲಗ್ಸವ್ರೆ ಅಂದ್ಕೊಂಡಿದ್ದೆ," ಅಂತು.

ನಾನು ಬೆಚ್ಚಿಬಿದ್ದೆ. ಊರಿಗೆಲ್ಲ ಸಾರಿದ್ದ ಹರಕೇನ ಕಾಲಿನ ಒಡತಿಗೆ ಒಬ್ಬರೂ ಹೇಳಿರಲಿಲ್ಲ! ಪೂಜಾರಪ್ಪ ಜಮಖಾನ ಹಿಸುಕಿದ್ದು ಯಾಕೆ ಅಂತ ಕೇಳಿದ್ರೆ, ಕೊಂಡ್ಕೊಳ್ಳಕ್ಕೆ ಬಂದವ್ನೆ ಅಂದ್ಕೊಂಡಿತ್ತಂತೆ. ನಾನು ಎಲ್ಲ ಹೇಳಿದೆ. ಇನ್ನೂ ಮಲಗಿದ್ರೆ ಏನಾಗುತ್ತೆ ಅಂತ ಡಾಕ್ಟರ್ ಹೇಳಿದ್ದನ್ನೂ ಹೇಳಿದೆ.

ಅಜ್ಜಿ ಮೊದಲು ತೆಲುಗಲ್ಲಿ ಶುರುಮಾಡ್ತು, ಅದನ್ನ ಇಲ್ಲಿ ಹೇಳೋ ಹಾಗಿಲ್ಲ. ಆಮೇಲೆ ಕನ್ನಡಕ್ಕೆ ಬಂತು. "ನಾನು ಅಲ್ಲಿ ಪ್ರಜ್ಞೆ ಇಲ್ದೆ ಬಿದ್ದಿದ್ರೆ, ನನ್ ಕಾಲ ನನ್ನ ಕೇಳ್ದೆ ಅಡ ಇಟ್ಟವ್ನಾ? ಅವನ ಕಾಲು ಇರ್ಲಿಲ್ವಾ ಅಡ ಇಡಕ್ಕೆ?"

"ಹಂಗಾದ್ರೆ ಏಳಿ ಅಜ್ಜಿ."

ಅಜ್ಜಿ ಮುಖ ಸಪ್ಪಗಾಯ್ತು. "ಏಳ್ತಿದ್ದೆ ಕಣಮ್ಮ. ಹೇಳ್ಕೊಂಡೋನು ಅವ್ನು. ಕೆಟ್ಟರೆ ಅವ್ನಿಗೆ ಏನಾನ ಆಗ್ಬುಟ್ರೆ? ಒಬ್ಬನೇ ಮಗ."

ಆಗ ಬಾಯಿ ಬಿಟ್ಟಿದ್ದು ಸೊಸೆ. ಅಷ್ಟು ದಿನ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡಿರದ ಹೆಂಗಸು. "ಅತ್ತೆ, ಚಪ್ಪಲಿ ಮೆಟ್ಕೊಂಡ್ರೆ ಕಾಲು ನೆಲಕ್ಕೆ ತಗಲಲ್ವಲ್ಲ?" ಅಂದ್ಳು ಮೆಲ್ಲಗೆ.

ನಾನು ಅವಳನ್ನ ತಬ್ಬಿಕೊಂಡುಬಿಟ್ಟೆ. ಅವತ್ತೇ ಬೇರಿಕೆ ಅಂಗಡಿಯಿಂದ ಹೊಸ ಜೋಡು ಬಂತು, ಹಿಂದೆ ಪಟ್ಟಿ ಇರೋದು, ಜಾರದೇ ಇರೋದು, ಗುಲಾಬಿ ಬಣ್ಣ. ಇನ್ನೇನು ಎದ್ದೇಬಿಡ್ತು ಅನ್ನೋ ಹೊತ್ತಿಗೆ ಅಜ್ಜಿ ಕೂಗ್ತು: "ಥೂ! ಮನೆ ಒಳಗೆ ಚಪ್ಪಲೀನಾ? ದೇವರ ಕೋಣೆ ಎದ್ರಿಗೇ ಐತೆ!"

ಕೊನೆಗೆ ಸೊಸೆ ಆ ಚಪ್ಪಲೀನ ತೊಳೆದು, ಅರಿಶಿನ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದ ಮೇಲೆ ಅಜ್ಜಿ ಕಾಲು ಚಾಚಿತು. ನಾನು ಕಲಿತ ಕಾಲೇಜಲ್ಲಿ ಪೇಶೆಂಟನ್ನ ಎಬ್ಬಿಸೋದು ಹೇಗೆ ಅಂತ ಒಂದು ಪಾಠಾನೇ ಇತ್ತು. ಚಪ್ಪಲಿಗೆ ಮಂಗಳಾರತಿ ಮಾಡಿ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಊರಿಗೆಲ್ಲ ಗೊತ್ತು

ಮಗರಾಯರು ಕಂಪನಿ ಬಸ್ಸು ಹತ್ತಿದ ಕೂಡಲೇ ನಮ್ಮ ಕೆಲಸ ಶುರು. ಮೊದಲು ಮಂಚ ಹಿಡ್ಕೊಂಡು ನಿಲ್ಲೋದು, ಆಮೇಲೆ ವಾಕರ್ ಹಿಡ್ಕೊಂಡು ದೇವರ ಕೋಣೆವರೆಗೆ, ಆಮೇಲೆ ಅಡುಗೆಮನೆವರೆಗೆ. ನೋವಿಗೆ ಅಜ್ಜಿ ಹಲ್ಲು ಕಚ್ಚೋದು, ತೆಲುಗಲ್ಲಿ ನನ್ನ ವಂಶ ಎಲ್ಲ ಜಾಲಾಡೋದು, ಆದ್ರೆ ನಿಲ್ಲಿಸ್ತಿರಲಿಲ್ಲ. ಸಾಯಂಕಾಲ ಮಗರಾಯರು ಬರೋ ಹೊತ್ತಿಗೆ ಗುಲಾಬಿ ಚಪ್ಪಲಿ ಮಂಚದ ಕೆಳಗೆ, ಅಜ್ಜಿ ಮಂಚದ ಮೇಲೆ.

ತೊಂದರೆ ಬಂದದ್ದು ನೋಡೋಕೆ ಬರೋರಿಂದ. ಈ ನೋಡೋಕೆ ಬರೋ ಜನದ ಬಗ್ಗೆ ನನಗೆ ಮೊದಲಿಂದ್ಲೂ ಸಿಟ್ಟು. ಕೈಲೊಂದು ಬ್ರೆಡ್ಡು, ಒಂದು ಹಾರ್ಲಿಕ್ಸ್ ಬಾಟ್ಲು. ಬಂದು ಮಂಚದ ಮೇಲೇ ಕೂತು, ಹಿಂಗೇ ಬಿದ್ದೋರು ಯಾರು ಯಾರು ಸತ್ತರು ಅಂತ ವಿವರವಾಗಿ ಹೇಳಿ, ಧೈರ್ಯವಾಗಿರವ್ವ ಅಂತ ಎದ್ದು ಹೋಗ್ತಾರೆ. ಅಜ್ಜಿ ಅದನ್ನೆಲ್ಲ ಕೇಳ್ತಾ ಕೇಳ್ತಾ ಹಾರ್ಲಿಕ್ಸ್ ಕುಡೀತು, ಬ್ರೆಡ್ಡು ಮುಗಿಸ್ತು. ನಾನು ಬಂದಾಗ ಒಣಕಲಾಗಿದ್ದ ಮುದುಕಿ ನೋಡ್ತಾ ನೋಡ್ತಾ ಗುಂಡಗಾಯ್ತು.

ಹೀಗೆ ಬಂದ ಎದುರುಮನೆ ಮುದುಕಿ ಒಂದು ದಿನ ಬಾಗಿಲು ತಟ್ಟದೆ ಒಳಗೆ ಬಂದುಬಿಟ್ಟಿತು. ಅಜ್ಜಿ ಹಾಲಿನ ನಡುಮಧ್ಯೆ ನೆಟ್ಟಗೆ ನಿಂತಿದೆ!

"ಯವ್ವಾ, ನಡೀತಿದ್ದೀಯಾ!"

"ಬಾಯಿ ಮುಚ್ಚೆ. ನನ್ ಮಗಂಗೆ ಹೇಳೀಯ," ಅಂತು ಅಜ್ಜಿ.

"ನಾನ್ಯಾಕೆ ಹೇಳಾನ? ನಿನ್ ಮಗಂಗೆ ಹೇಳಲ್ಲ, ಆಣೆ."

ಆ ಮುದುಕಿ ಮಾತಿಗೆ ತಪ್ಪಲಿಲ್ಲ. ಮಗನಿಗೊಬ್ಬನಿಗೆ ಬಿಟ್ಟು ಮಿಕ್ಕ ಎಲ್ಲರಿಗೂ ಹೇಳ್ತು. ಮಾರನೇ ದಿನದಿಂದ ಜನ ಅಜ್ಜೀನ ನೋಡೋಕಲ್ಲ, ಅಜ್ಜಿ ನಡೆಯೋದನ್ನ ನೋಡೋಕೆ ಬಂದ್ರು. ಗೋಡೆ ಪಕ್ಕ ಸಾಲಾಗಿ ಕೂತು, "ಇನ್ನೊಂದ್ಸುತ್ತು ಬಾರಜ್ಜಿ" ಅಂತ ಹುರಿದುಂಬಿಸೋರು. ಪೂಜಾರಪ್ಪನ ಹೆಂಡತಿ ದಿನಾ ಬಂದು ಮುಂದಿನ ಸಾಲಲ್ಲೇ ಕೂರೋಳು. ಬಸ್ಸು ಹತ್ತಿದ್ರೆ ಕಂಡಕ್ಟರ್ರು ಟಿಕೆಟ್ ಕೊಡೋಕೆ ಮುಂಚೆ, "ಇವತ್ತು ಎಲ್ಲೀಗಂಟ ಹೋಯ್ತು ಸಿಸ್ಟರ್ ಅಜ್ಜಿ? ಬಚ್ಚಲೀಗಂಟ ಬಂತಾ?" ಅಂತ ಕೇಳೋರು.

ಇತ್ತ ಮಗರಾಯರದ್ದು ಬೇರೇನೇ ತಯಾರಿ. ಹರಕೆ ದಿನ ತಾಯೀನ ಎತ್ಕೊಂಡು ಹೋಗಬೇಕಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಒಂದು ಅಕ್ಕಿ ಮೂಟೆ ತಬ್ಬಿಕೊಂಡು ಅಂಗಳದಲ್ಲಿ ಸುತ್ತು ಹಾಕೋರು. ಒಂದಿನ ನಾನು ಗೇಟಲ್ಲಿ ಸಿಕ್ಕಾಗ ಏದುಸಿರು ಬಿಡ್ತಾ, "ನಮ್ಮವ್ವನ ತೂಕಕ್ಕೆ ಸರಿಯಾಗಿ ಕಟ್ಟಿಸಿದ್ದೀನಿ ಸಿಸ್ಟರ್," ಅಂದ್ರು.

"ಯಾವಾಗಿನ ತೂಕ?"

"ಆಸ್ಪತ್ರೇಲಿ ನೋಡಿದ್ರಲ್ಲ, ಅದು."

ಒಳಗೆ ಇಣುಕಿ ನೋಡಿದೆ. ಅಜ್ಜಿ ಎರಡನೇ ಲೋಟ ಹಾರ್ಲಿಕ್ಸಿಗೆ ಬ್ರೆಡ್ಡು ಅದ್ದುತ್ತಾ ಇತ್ತು. ತೂಕದ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದೆ. ನನ್ನ ಡ್ಯೂಟಿ ಅಜ್ಜೀದು, ಅಕ್ಕಿ ಮೂಟೇದಲ್ಲ.

ಮೇಸ್ತ್ರಿ ಬೇಟೆ

ಅಜ್ಜಿ ಮನೆಯೊಳಗೆ ನಡೆದ್ರೆ ಸಾಕಾ? ಅಂಗಳಕ್ಕಿಳಿಬೇಕು, ಮೆಟ್ಟಿಲು ಹತ್ತಬೇಕು, ಹಗಲೂ ಸಂಜೆ ಓಡಾಡಬೇಕು. ಮಗರಾಯರು ಮನೇಲಿದ್ದ ಭಾನುವಾರವೆಲ್ಲ ಅಜ್ಜಿ ಮಲಗಿಯೇ ಇರೋದು, ಸೋಮವಾರ ನೋಡಿದ್ರೆ ಕಾಲು ಮತ್ತೆ ಬಿಗಿದಿರೋದು. ಹರಕೆ ತೀರದೆ ಇದು ನೇರವಾಗಲ್ಲ ಅನ್ನಿಸ್ತು. ಒಂದು ಸಾಯಂಕಾಲ ಡ್ಯೂಟಿ ಮುಗಿಸಿ, ಸೀದಾ ಜೂಜುವಾಡಿ ಬಸ್ಸು ಹತ್ತಿದೆ. ಬಿಳಿ ಕೋಟಲ್ಲೇ.

ಲಾರಿಗಳ ಸಾಲು ದಾಟಿ ಹೋದ್ರೆ, ಅರ್ಧ ಎದ್ದ ಅಂಗಡಿ ಸಾಲಿನ ಗೋಡೆಗೆ ಕಟ್ಟಿದ ಸಾರುವೆ ಮೇಲೆ ಮೇಸ್ತ್ರಿ ಕೂತಿದ್ದ. ನನ್ನ ಕೋಟು ನೋಡಿ ಕೆಳಗಿನ ಆಳುಗಳು ಹೆಲ್ತ್ ಇನ್ಸ್‌ಪೆಕ್ಟರ್ ಬಂದ್ರು ಅಂತ ನೀರಿನ ಡ್ರಮ್ಮಿಗೆ ಮುಚ್ಚಳ ಹುಡುಕೋಕೆ ಓಡಿದ್ರು.

"ಎನ್ನಮ್ಮಾ, ಯಾರು ಬೇಕು?" ಅಂತ ಮೇಲಿಂದ ಕೂಗಿದ ಮೇಸ್ತ್ರಿ. ಅವನ ಮಾತು ಅರ್ಧ ತಮಿಳು, ಅರ್ಧ ಕನ್ನಡ.

"ನೀನೇ ಬೇಕು. ಇಳಿದು ಬಾ. ನಾನು ಅಜ್ಜಿ ಕಾಲಿನ ಕಡೆಯೋಳು."

"ಯಾವ ಅಜ್ಜಿ? ಯಾವ ಕಾಲು?"

ಇಳಿದು ಬಂದ. ಎಲ್ಲ ಹೇಳಿದೆ, ದನಿ ಏರಿಸಿಯೇ ಹೇಳಿದೆ. "ನೀನು ಇಲ್ಲಿ ಅಂಗಡಿ ಕಟ್ತಾ ಕೂತರೆ ಅಲ್ಲೊಂದು ಮುದುಕಿ ಜನ್ಮಪೂರ್ತಿ ಹಾಸಿಗೇಲಿ ಬೀಳುತ್ತೆ. ಗುಡಿ ಕೆಲಸ ಅರ್ಧಕ್ಕೆ ಬಿಟ್ಟು ಬಂದೆಯಲ್ಲ, ನೀನೇನು ಹೊಟ್ಟೆಗೆ ಅನ್ನ ತಿನ್ನಲ್ವಾ?"

ಪಾಪ, ಮನುಷ್ಯ ಒಳ್ಳೆಯವನೇ. ಕಣ್ಣಲ್ಲಿ ನೀರು ತಂದ್ಕೊಂಡ. "ತಪ್ಪಾಯ್ತು ಸಿಸ್ಟರಮ್ಮಾ. ನಾಳೇನೇ ಬತ್ತೀನಿ. ಗೋಪುರದ ಮೇಲೆ ಸ್ವಲ್ಪ ಬೊಂಬೆ ಕೆಲ್ಸ, ಬಣ್ಣ, ಅಷ್ಟೇ ಬಾಕಿ." ಆಮೇಲೆ ಹಣೆ ಒತ್ತಿಕೊಂಡು, "ಬಂದಿದ್ದು ಬಂದ್ರಿ, ಒಂದು ಬಿಪಿ ನೋಡ್ಬುಡಿ. ಮೇಲೆ ಕೂತ್ರೆ ತಲೆ ಗಿರ್ ಅಂತದೆ," ಅಂದ.

ನೋಡಿದೆ. ನೋಡಬಾರದಿತ್ತು. ಮೀಟರು ಹೋದ ಎತ್ತರಕ್ಕೆ ನನಗೇ ತಲೆ ಗಿರ್ ಅಂತು. ಸುಳ್ಳು ಹೇಳೋಕಾಗುತ್ತಾ? ಹೇಳಲೇಬೇಕಾಯ್ತು. "ಅಣ್ಣಾ, ಇವತ್ತೇ ಡಾಕ್ಟರ ಹತ್ರ ಹೋಗು. ಬಿಪಿ ಇಳಿಯೋವರೆಗೆ ಸಾರುವೆ ಹತ್ತಲೇಬೇಡ."

ಮೇಸ್ತ್ರಿ ಅಲ್ಲೇ ಕರಣೆ ತೊಳೆದು, ಬಾಂಡ್ಲಿ ಕವುಚಿ ಹಾಕಿ, ಆಳುಗಳಿಗೆ ರಜ ಹೇಳಿ ಮನೆಗೆ ಹೊರಟೇಬಿಟ್ಟ. ಅಂಗಡಿ ಮಾಲೀಕ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಗುಡಿ ಕೆಲಸ ಶುರುಮಾಡಿಸೋಕೆ ಹೋದೋಳು, ನಡೀತಿದ್ದ ಅಂಗಡಿ ಕೆಲಸಾನೂ ನಿಲ್ಲಿಸಿ ಬಂದೆ.

ಎತ್ಕೊಂಡ ದಿನ

ಮೇಸ್ತ್ರಿ ಮಾತ್ರೆ ತಗೊಂಡು ಸುಧಾರಿಸಿಕೊಂಡ. ತಾನು ಕೆಳಗೆ ಕುರ್ಚಿ ಹಾಕ್ಕೊಂಡು ಕೂತು, ಬಾಮೈದನ್ನ ಗೋಪುರ ಹತ್ತಿಸಿ ಕೆಲಸ ಮುಗಿಸಿದ. ಕುಂಭಾಭಿಷೇಕ ಆಯ್ತು. ಮಾರನೇ ಬೆಳಿಗ್ಗೆ ಮಗರಾಯರ ಹರಕೆ.

ತಮಟೆಯವರು ಬಂದಿದ್ರು. ಬೀದಿ ಉದ್ದಕ್ಕೂ ನೀರು ಚಿಮುಕಿಸಿ ರಂಗೋಲಿ. ಊರಿಗೆ ಊರೇ ನೆರೆದಿತ್ತು. ಅಷ್ಟು ಜನಕ್ಕೂ ಅಜ್ಜಿ ನಡೆಯೋದು ಗೊತ್ತು, ಒಬ್ಬರ ಮುಖದಲ್ಲೂ ಅದರ ಸುಳಿವಿಲ್ಲ. ಮಗರಾಯರು ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದು, "ತಾಯೀ ಮಾರಮ್ಮಾ!" ಅಂತ ಅಜ್ಜೀನ ಎರಡು ತೋಳಲ್ಲಿ ಎತ್ತಿದ್ರು. ಎತ್ತಿದ ಕೂಡಲೇ ಅವರ ಕಣ್ಣು ಅಗಲ ಆಯ್ತು.

"ಅವ್ವಾ, ಇದೇನಿಷ್ಟು ಭಾರ ಇದ್ದೀಯ?"

"ನಡೀಲಾ ಸುಮ್ನೆ," ಅಂತು ಅಜ್ಜಿ.

ನಾನು ಪಕ್ಕದಲ್ಲೇ ಹೊರಟೆ. ಇವರು ಎಡವಿ ಅಜ್ಜೀನ ಬೀಳಿಸಿದ್ರೆ ಇಷ್ಟು ದಿನ ಪಟ್ಟ ಪಾಡೆಲ್ಲ ಮತ್ತೆ ಮೊದಲಿಂದ. ಅರ್ಧ ಬೀದಿ ಚೆನ್ನಾಗೇ ಬಂದ್ರು. ನೀರಿನ ಟ್ಯಾಂಕ್ ಹತ್ತಿರ ಹಳ್ಳ ದಾಟೋಕೆ ಕಾಲು ಎತ್ತಿಟ್ಟರು ನೋಡಿ, ಸೊಂಟದಲ್ಲಿ ಕಟಕ್ ಅಂತ ಸದ್ದು. ತಮಟೆ ಗದ್ದಲದಲ್ಲೂ ನನಗೆ ಕೇಳಿಸ್ತು.

ಮಗರಾಯರು ಬಗ್ಗಿದೋರು ಬಗ್ಗಿದ ಹಾಗೇ ನಿಂತ್ರು. ಮುಂದೆ ಹೋಗೋಕಾಗಲ್ಲ, ಹಿಂದೆ ಬರೋಕಾಗಲ್ಲ. ತಮಟೆ ನಿಂತುಹೋಯ್ತು.

"ಇಳಿಸಿ! ಅಜ್ಜೀನ ಇಳಿಸಿ!" ಅಂತ ಕಿರುಚಿದೆ.

"ಇಳ್ಸಂಗಿಲ್ಲ! ಹರಕೆ!" ಅಂದ್ರು ಹಲ್ಲು ಕಚ್ಚಿ. ತೋಳು ಗಡಗಡ ನಡುಗ್ತಿದೆ, ಬೆವರು ಧಾರಾಕಾರ.

"ಲೇ, ಬಿಡ್ಲಾ ನನ್ನ!"

"ಬಿಡಲ್ಲ ಕಣವ್ವ! ನಿನ್ ಕಾಲು ನೆಲಕ್ಕೆ ತಗಲಿದ್ರೆ ನಿನ್ಗೇನಾನ ಆಗ್ಬುಡ್ತದೆ!"

"ನಂಗೇನೂ ಆಗಲ್ಲ. ಈಗ ಆಗ್ತಿರೋದೆಲ್ಲ ನಿಂಗೇನೇ!" ಅಂತ ಅಜ್ಜಿ ನನ್ನ ಹೆಗಲಿಗೆ ಒಂದು ಕೈ ಹಾಕಿ, ಮಗನ ತೋಳಿಂದ ಮೆಲ್ಲಗೆ ಜಾರಿ ಇಳಿದೇಬಿಡ್ತು.

ಗುಲಾಬಿ ಚಪ್ಪಲಿ ಮನೇಲಿತ್ತು. ಬರಿಗಾಲು, ನೀರು ಚಿಮುಕಿಸಿದ ಹಸಿ ಮಣ್ಣು. ಅಜ್ಜಿ ಒಂದು ಕ್ಷಣ ನಿಂತು ಕಾಲ ಬೆರಳು ಆಡಿಸಿ ನೋಡ್ಕೊಂಡಿತು. ಆಮೇಲೆ ಸೆರಗು ಸಿಕ್ಕಿಸಿ, ನನ್ನ ಹೆಗಲು ಹಿಡ್ಕೊಂಡು ಗುಡಿ ಕಡೆ ಹೆಜ್ಜೆ ಹಾಕ್ತು. ನೆಟ್ಟಗೆ, ಬೆನ್ನು ಬಗ್ಗಿಸದೆ. ನನಗೆ ಅಳು ತಡೆಯೋಕಾಗಲಿಲ್ಲ, ಅತ್ತುಬಿಟ್ಟೆ. ಈ ಕೆಲಸದಲ್ಲಿ ಇಷ್ಟು ಬೈಸ್ಕೊಂಡೂ ಯಾಕಿದ್ದೀನಿ ಅಂತ ಕೇಳೋರಿಗೆ ಆ ಹೆಜ್ಜೆ ತೋರಿಸಬೇಕಿತ್ತು.

ಹಿಂದಿನಿಂದ ಮಗರಾಯರ ದನಿ ಬಂತು. ಸೊಂಟ ಹಿಡ್ಕೊಂಡು ಹಳ್ಳದ ಪಕ್ಕ ಕೂತಿದ್ರು, ಕಣ್ಣಲ್ಲಿ ನೀರು. "ನಮ್ಮವ್ವ ನಡೀತಾವ್ಳೆ! ತಾಯಿ ಪವಾಡ! ಗುಡಿ ದಾರೀಲೇ ಕಾಲು ಕೊಟ್ಟಳು!"

ಪವಾಡ! ನನ್ನ ಅಳು ಅಲ್ಲೇ ನಿಂತುಹೋಯ್ತು. ಎದುರುಮನೆ ಮುದುಕಿ ಮೊದಲು ಕೈಮುಗಿದು "ಪವಾಡ ಕಣ್ರಪ್ಪಾ!" ಅಂತು. ದಿನಾ ಮುಂದಿನ ಸಾಲಲ್ಲಿ ಕೂತು ನೋಡಿದ್ದ ಪೂಜಾರಪ್ಪನ ಹೆಂಡತಿಗೆ ಮೈಮೇಲೆ ಬಂದ ಹಾಗಾಯ್ತು. ಕಂಡಕ್ಟರ್ರು ಬಸ್ಸು ನಿಲ್ಲಿಸಿ ಇಳಿದು, ಅಜ್ಜಿ ನಡೆಯೋದನ್ನ ಜನ್ಮದಲ್ಲಿ ಅವತ್ತೇ ಕಂಡೋರ ಥರ ಕೆನ್ನೆ ಕೆನ್ನೆ ಬಡ್ಕೊಂಡ್ರು. ಮೇಸ್ತ್ರಿಯಂತೂ ಕುರ್ಚಿಯಿಂದೆದ್ದು, "ನಾನ್ ಕಟ್ಟಿದ ಗುಡಿ ಅಲ್ವಾ, ಪವರ್ ಜಾಸ್ತಿ," ಅಂದ. ನನ್ನ ಕಡೆ ಒಬ್ಬರಾದ್ರೂ ತಿರುಗಿ ನೋಡಬೇಕಲ್ಲ! ಸೊಸೆ ಒಬ್ಬಳೇ ಆರತಿ ತಟ್ಟೆ ಹಿಡ್ಕೊಂಡು ನನ್ನ ನೋಡಿ ತುಟಿ ಕಚ್ಚಿ ನಗು ತಡ್ಕೊಂಡಳು.

ಮಗರಾಯರನ್ನ ಮನೆಯಿಂದ ತಂದ ಅಜ್ಜಿಯ ಮಂಚದ ಮೇಲೆ ಮಲಗಿಸಿ ನಾಲ್ಕು ಜನ ನಮ್ಮ ಹಿಂದೇನೇ ಗುಡಿಗೆ ಹೊತ್ಕೊಂಡು ಬಂದ್ರು. ಯಾರನ್ನ ಯಾರು ಹೊರಬೇಕಿತ್ತು, ಯಾರು ಯಾರ ಹಿಂದೆ ಬಂದ್ರು, ಆ ಮಾರಮ್ಮನೇ ನೋಡಿ ನಕ್ಕಿರಬೇಕು. ಅಷ್ಟರಲ್ಲಿ ನನ್ನ ಫೋನೂ ಹೊಡ್ಕೊಂಡಿತು. ಮೇಡಮ್ಮು. ಸೊಸೆ ಆಗಲೇ ಫೋನ್ ಮಾಡಿ ತಿಳಿಸಿದ್ದಳಂತೆ. "ಸಿಸ್ಟರ್, ಅದೇ ಮನೆ, ಹೊಸ ಪೇಶೆಂಟು. ಸೊಂಟ ಹಿಡ್ಕೊಂಡಿದೆಯಂತೆ. ಸಿಂಪಲ್ ಕೇಸು."

ಉತ್ತರ ಕೊಡೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ನನ್ನ ಹೆಗಲು ಬಿಟ್ಟು, ಸೊಸೆ ಕೈ ಹಿಡ್ಕೊಂಡು ಗುಡಿ ಮೆಟ್ಟಿಲು ಹತ್ತಿ, ಗರ್ಭಗುಡಿ ಮುಂದೆ ನಿಂತು ಕೈಮುಗಿದು ಜೋರಾಗಿ ಬೇಡ್ಕೊಳ್ಳೋಕೆ ಶುರುಮಾಡಿತ್ತು.

"ತಾಯೀ, ನನ್ ಮಗ ಪಾಪದೋನು. ಹೇಳ್ಕೊಂಡ, ಮುಗಿಸಕ್ಕಾಗಲಿಲ್ಲ, ಅವನ ಮೇಲೆ ಮುನಿಸ್ಕೋಬೇಡ. ಅವನ ಸೊಂಟ ಒಂದು ನೆಟ್ಟಗೆ ಮಾಡ್ಬುಡು. ನಾನೇ ಅವನ್ನ ಕರ್ಕೊಂಡು ಬಂದು ನಿನ್ ಕಾಲಿಗೆ ಹಾಕ್ತೀನಿ. ಅಲ್ಲೀಗಂಟ ಅವನ ಕಾಲು ನೆಲಕ್ಕೆ..."

ಗುಡಿ ಅಂತ ನೋಡಲಿಲ್ಲ, ದೇವಿ ಅಂತ ನೋಡಲಿಲ್ಲ, ಫೋನ್ ಬಿಸಾಕಿ ಓಡಿಹೋಗಿ ಎರಡು ಕೈಯಲ್ಲೂ ಅಜ್ಜಿ ಬಾಯಿ ಮುಚ್ಚಿಬಿಟ್ಟೆ.